ಮಗನಿಗೆ ತುಪ್ಪ, ತೆಂಗಿನೆಣ್ಣೆ ನಿಲ್ಲಿಸಬೇಕಾ?

ಎಂಟು ವರ್ಷದ ಮಗ ದಪ್ಪ ಆಗ್ತಾನೆ ಅಂತ ತುಪ್ಪ, ತೆಂಗಿನೆಣ್ಣೆ ಪೂರ್ತಿ ನಿಲ್ಲಿಸಬೇಕಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೆ! ಬೆಳೆಯುವ ಮಕ್ಕಳಿಗೆ ದಿನದ ಕ್ಯಾಲರಿಯಲ್ಲಿ ಶೇ. 25ರಿಂದ 35ರಷ್ಟು ಕೊಬ್ಬಿನಿಂದಲೇ ಬರಬೇಕು, ಎ, ಡಿ, ಇ, ಕೆ ವಿಟಮಿನ್ ಮೈಗೆ ಹಿಡಿಯುವುದಕ್ಕೂ ಅದು ಬೇಕು. ಆದರೆ ತೆಂಗಿನೆಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು (ಅತಿಯಾದರೆ ಹೃದಯಕ್ಕೆ ಒಳ್ಳೆಯದಲ್ಲದ ಕೊಬ್ಬು) ಶೇ. 80ಕ್ಕೂ ಜಾಸ್ತಿ, ಹಾಗಾಗಿ ಎಲ್ಲದಕ್ಕೂ ಅದನ್ನೇ ಸುರಿಯಬೇಡಿ. ಒಗ್ಗರಣೆಗೆ ಒಂದು ಚಮಚ ಸಾಕು, ಉಳಿದದ್ದಕ್ಕೆ ನೆಲಗಡಲೆ ಎಣ್ಣೆ ಆಗುತ್ತದೆ. ಮೀನು ತಿನ್ನುವವರಾದರೆ ಬೂತಾಯಿ, ಬಂಗುಡೆ ಕೊಡಿ, ಒಮೆಗಾ-3 ಅನ್ನುವ ಒಳ್ಳೆಯ ಕೊಬ್ಬು ಚೆನ್ನಾಗಿ ಸಿಗುತ್ತದೆ. ದಿನಾ ರವಾ ಫ್ರೈ ಅಲ್ಲ, ಹುಳಿ-ಖಾರದ ಪುಳಿಮುಂಚಿ ಸಾರು ಮಾಡಿ (ಖಾರ ಕಡಿಮೆ ಹಾಕಿ, ಪಾಪ). ನಾನಾದರೆ ಮೊದಲು ನಿಲ್ಲಿಸುವುದು ಶಾಲೆ ಬಿಟ್ಟ ಮೇಲಿನ ಬೇಕರಿ ಪಫ್. ಪೇಪರಿನಲ್ಲಿ ಉಳಿಯುವ ಎಣ್ಣೆ ಕಲೆ ನೋಡಿದ್ದೀರಲ್ವಾ? ನೀರ್ ದೋಸೆ ಮೇಲಿನ ಅರ್ಧ ಚಮಚ ತುಪ್ಪ ಸುಮ್ನೆ ಇರಲಿ ಬಿಡಿ.