ಹರ್ಮನ್ ಎಂಬ ಜರ್ಮನ್ ಹೆಸರಿನ ಮೂಲ ಮತ್ತು ಅರ್ಥವೇನು?

ಪ್ರಾಚೀನ ಜರ್ಮನ್‌ನ ‘ಹರಿ’ (ಸೈನ್ಯ), ‘ಮನ್’ (ಮನುಷ್ಯ) ಸೇರಿ ಆದ ಹೆಸರಿದು. ಅಂದರೆ ಯೋಧ. ಈ ‘ಹರಿ’ಗೂ ನಮ್ಮ ಹರಿಗೂ ನಂಟಿಲ್ಲ. ‘ಶ್ರೀ’ ಎಂಬರ್ಥದ ‘ಹೆರ್’ನಿಂದ ಬಂದಿದೆ ಎನ್ನುವುದೂ ತಪ್ಪು, ಆ ಪದದ ಮೂಲಾರ್ಥ ‘ಹಿರಿಯ’. ಇದೇ ‘ಹರಿ’ಗೆ ಆಳ್ವಿಕೆ ಎಂಬರ್ಥದ ‘ವಾಲ್ಟ್’ ಸೇರಿದರೆ ಹೆರಾಲ್ಡ್, ಎರಡನ್ನೂ ಹಿಂದುಮುಂದು ಮಾಡಿದರೆ ವಾಲ್ಟರ್! ಫ್ರೆಂಚರಲ್ಲಿ ಹರ್ಮನ್ ಅರ್ಮಾಂಡ್ ಆಗಿದೆ.

ಕ್ರಿ.ಶ. 9ರಲ್ಲಿ ಟ್ಯೂಟೊಬರ್ಗ್ ಕಾಡಿನಲ್ಲಿ ರೋಮನ್ನರ ಮೂರು ಸೇನಾದಳಗಳನ್ನು ನಾಶಮಾಡಿದ ಜರ್ಮನ್ ಬುಡಕಟ್ಟಿನ ನಾಯಕ ಅರ್ಮಿನಿಯಸ್‌ನನ್ನೂ ಜರ್ಮನ್ನರು ಹರ್ಮನ್ ಎನ್ನುತ್ತಾರೆ. ಅದು 16ನೇ ಶತಮಾನದಲ್ಲಿ ಹೊಂದಿಸಿದ್ದು. ಭಾಷಾಶಾಸ್ತ್ರದ ದೃಷ್ಟಿಯಿಂದ ಗಟ್ಟಿ ಆಧಾರವಿಲ್ಲ. ಆದರೂ ಜರ್ಮನಿಯ ಡೆಟ್ಮೋಲ್ಡ್ ಪಟ್ಟಣದ ಬಳಿ 1875ರಲ್ಲಿ ಪೂರ್ಣಗೊಂಡ ಅವನ ಬೃಹತ್ ಪ್ರತಿಮೆಗೆ ಇದೇ ಹೆಸರು.

ಕನ್ನಡಿಗರಿಗೆ ಪರಿಚಿತ ಹರ್ಮನ್ ಎಂದರೆ 1843ರಲ್ಲಿ ‘ಮಂಗಳೂರ ಸಮಾಚಾರ’ ಆರಂಭಿಸಿದ ಹರ್ಮನ್ ಮೋಗ್ಲಿಂಗ್.