ಅವನು ನೋಡಿದ್ದು ಯಾರ ಕಡೆಗೆ?

ಮಾಡುತ್ತಿರುವ ಕೆಲಸದಲ್ಲಿ ಅರ್ಥವಿಲ್ಲ, ಲೋಕಕ್ಕೆ ಉಪಯೋಗವಾಗುವ ಏನನ್ನಾದರೂ ಮಾಡಬೇಕು, ಆದರೆ ನನ್ನ ಮಾತನ್ನು ಕೇಳುವವರು ಯಾರು? ಈ ಮೂರು ಮಾತುಗಳನ್ನು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಆಡುತ್ತ ಆಪ್ತಸಲಹೆಗೆ ಬರುವವರನ್ನು ಮತ್ತೆ ಮತ್ತೆ ಕಾಣುತ್ತಿದ್ದೇನೆ. ಅವರು ಸೋಮಾರಿಗಳಲ್ಲ, ಸ್ವಾರ್ಥಿಗಳಂತೂ ಖಂಡಿತ ಅಲ್ಲ. ಒಳ್ಳೆಯದನ್ನು ಮಾಡಬೇಕೆಂಬ ಹಂಬಲ ಅವರಲ್ಲಿ ನಿಜವಾಗಿಯೂ ಇರುತ್ತದೆ ಮತ್ತು ಅದಕ್ಕೆ ದಾರಿ ಕಾಣದಿರುವುದೇ ಅವರ ಸಂಕಟ. ಅಂಥ ಒಬ್ಬರ ಪ್ರಕರಣವನ್ನು, ಅವರ ಒಪ್ಪಿಗೆ ಪಡೆದು, ಗುರುತು ಹಿಡಿಯಬಹುದಾದ ವಿವರಗಳನ್ನೆಲ್ಲ ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಅವರಿಗೆ ಕೊಟ್ಟ ಸಲಹೆಯನ್ನು ಕೆಲವು ಸಹೋದ್ಯೋಗಿಗಳು ಒಪ್ಪಲಿಲ್ಲವಾದ್ದರಿಂದ, ಅದನ್ನು ಏಕೆ ಕೊಟ್ಟೆನೆಂಬುದನ್ನೂ ಹೇಳಬೇಕಾಗಿದೆ.

ಆಕೆಗೆ ನಲವತ್ತರ ಆಸುಪಾಸು. ದೊಡ್ಡ ಸಂಸ್ಥೆಯೊಂದರಲ್ಲಿ ಮಧ್ಯಮ ಹಂತದ ಹುದ್ದೆ. ಅರ್ಥಹೀನತೆಯ ಮಾತನ್ನಾಡುವವರಲ್ಲಿ ಖಿನ್ನತೆಯ ಲಕ್ಷಣಗಳಿವೆಯೇ ಎಂದು ಮೊದಲು ನೋಡದೆ ಮುಂದುವರಿಯಬಾರದು. ನೋಡಿದೆವು, ಮನೋವೈದ್ಯರ ಅಭಿಪ್ರಾಯವನ್ನೂ ಪಡೆದೆವು, ಔಷಧಿಯ ಅಗತ್ಯ ಕಂಡುಬರಲಿಲ್ಲ. ರಾಜೀನಾಮೆ ಪತ್ರ ಬರೆದಿಟ್ಟುಕೊಂಡಿದ್ದರು. ಮುಂದೇನು ಎಂಬ ಪ್ರಶ್ನೆಗೆ ಮಾತ್ರ ಅವರ ಉತ್ತರ ಬದಲಾಗುತ್ತಲೇ ಇತ್ತು: ಒಮ್ಮೆ ಪರಿಸರ, ಒಮ್ಮೆ ಮಕ್ಕಳ ಶಿಕ್ಷಣ, ಇನ್ನೊಮ್ಮೆ ವೃದ್ಧರ ಆರೈಕೆ. ಪ್ರತಿಯೊಂದರ ಬಗ್ಗೆಯೂ ಆಳವಾಗಿ ಓದಿಕೊಂಡಿದ್ದರು. ಆದರೆ ಆ ಯಾವ ಯೋಜನೆಯಲ್ಲೂ ಅವರು ಹೆಸರು ಹಿಡಿದು ಕರೆಯಬಲ್ಲ ಒಬ್ಬ ಮನುಷ್ಯನಿರಲಿಲ್ಲ.

ಕೆಲವು ಭೇಟಿಗಳ ನಂತರ ಒಂದು ದಿನ, ತಮ್ಮ ಕೆಲಸ ಎಷ್ಟು ನಿಸ್ಸಾರವೆಂಬುದಕ್ಕೆ ಉದಾಹರಣೆಯಾಗಿ, ಆ ವಾರದ ಸಭೆಯೊಂದನ್ನು ವಿವರಿಸಿದರು. ಕಿರಿಯ ಉದ್ಯೋಗಿಯೊಬ್ಬ ತನ್ನ ತಂಡದ ಕೆಲಸ ನಿಗದಿತ ಸಮಯಕ್ಕೆ ಮುಗಿಯುವುದಿಲ್ಲವೆಂದು ವರದಿಯಲ್ಲಿ ಬರೆದಿದ್ದ. ಮೇಲಧಿಕಾರಿ ಎಲ್ಲರೆದುರು ಅವನನ್ನು ಅಸಮರ್ಥನೆಂದು ಜರೆದರು. ಅವನ ಲೆಕ್ಕ ಸರಿಯಾಗಿದೆಯೆಂದು ಮೇಜಿನ ಸುತ್ತ ಕುಳಿತಿದ್ದ ಹಲವರಿಗೆ ಗೊತ್ತಿದ್ದರೂ ಒಬ್ಬರೂ ಬಾಯಿ ಬಿಡಲಿಲ್ಲ. “ಇಂಥ ಕಡೆ ಇದ್ದುಕೊಂಡು ನಾನು ಲೋಕಕ್ಕೆ ಏನು ಮಾಡಿಯೇನು?” ಎಂದು ಕೇಳಿದರು. ಅನಂತರ, ಅಷ್ಟೇನೂ ಮಹತ್ವ ಕೊಡದೆ, ಒಂದು ಮಾತು ಸೇರಿಸಿದರು: “ಬೈಸಿಕೊಳ್ಳುವಾಗ ಅವನು ಬೈಯುತ್ತಿದ್ದವರನ್ನು ನೋಡಲಿಲ್ಲ, ನನ್ನನ್ನು ನೋಡಿದ.”

ಅಷ್ಟು ಜನರಿದ್ದಲ್ಲಿ ನಿಮ್ಮನ್ನೇ ಏಕೆ ನೋಡಿದ ಎಂದು ಕೇಳಿದೆ. ಎದುರಿಗೆ ಕೂತಿದ್ದೆನಲ್ಲ, ಅದಕ್ಕೇ ಇರಬೇಕು ಎಂದರು. ನಾನು ಬೇರೇನನ್ನೂ ಕೇಳದೆ ಕಾಯ್ದೆ. ಬಹಳ ಹೊತ್ತಿನ ಮೇಲೆ, “ಇಲ್ಲ, ನಾನು ಎದುರಿಗೆ ಇರಲಿಲ್ಲ, ಅವನ ಸಾಲಿನ ಕೊನೆಯಲ್ಲಿದ್ದೆ, ಅವನು ತಿರುಗಿಯೇ ನೋಡಬೇಕಿತ್ತು” ಎಂದರು. ಆಮೇಲೆ ಉಳಿದದ್ದೂ ಬಂತು. ಆ ವರದಿಯ ಕರಡನ್ನು ಅವನು ಮೊದಲು ತಂದು ತೋರಿಸಿದ್ದು ಇವರಿಗೇ. ಕೆಲಸ ಮುಗಿಯುವ ದಿನಾಂಕವನ್ನು ನಿಜಕ್ಕಿಂತ ಸ್ವಲ್ಪ ಮುಂಚಿನದಾಗಿ ಬರೆಯಲೇ ಎಂದು ಕೇಳಿದ್ದಕ್ಕೆ, “ಇದ್ದದ್ದನ್ನು ಇದ್ದ ಹಾಗೆ ಬರೆ” ಎಂದು ಹೇಳಿದವರೂ ಇವರೇ.

ನನ್ನ ಮಾತನ್ನು ಕೇಳುವವರು ಯಾರು ಎಂದು ಪ್ರತಿ ಭೇಟಿಯಲ್ಲೂ ಹೇಳುತ್ತಿದ್ದ ಆಕೆಯ ಮಾತನ್ನು ಒಬ್ಬ ಪೂರ್ತಿಯಾಗಿ ಕೇಳಿದ್ದ, ಅದರ ಬೆಲೆಯನ್ನೂ ತೆತ್ತಿದ್ದ. ಇದನ್ನು ನಾನು ಹೇಳಬೇಕಾಗಿ ಬರಲಿಲ್ಲ. ಅವರಿಗೇ ಹೊಳೆಯಿತು, ಮತ್ತು ಆ ಕ್ಷಣ ಅವರಿಗೆ ಹಿತವಾದದ್ದಾಗಿರಲಿಲ್ಲ.

ಆಗ ಕೊಟ್ಟ ಸಲಹೆ ಇದು. ರಾಜೀನಾಮೆಯನ್ನು ಆರು ತಿಂಗಳು ಮುಂದೂಡಿ. ನಿಮ್ಮ ಒಂದು ಮಾತಿನಿಂದ ಯಾರ ಧೈರ್ಯ ಹೆಚ್ಚುತ್ತದೆ ಅಥವಾ ಕುಗ್ಗುತ್ತದೆ ಎಂದು ಯೋಚಿಸಿ ಅವರ ಹೆಸರುಗಳನ್ನು ಬರೆಯಿರಿ. ಆ ಹುಡುಗನಿಗೆ ಹಾಗೆ ಬರೆಯಲು ಹೇಳಿದವಳು ನಾನು ಎಂದು ಮೇಲಧಿಕಾರಿಗೆ ತಿಳಿಸುವುದರಿಂದ ನಿಮಗೆ ಆಗಬಹುದಾದ ನಷ್ಟವೇನೆಂದು ಲೆಕ್ಕ ಹಾಕಿ. ಆ ನಷ್ಟವನ್ನು ತಾಳಬಲ್ಲಿರಾದರೆ ತಿಳಿಸಿ. ಮುಂದಿನ ಸಭೆಗಳಲ್ಲಿ ಯಾರನ್ನೂ ದೂಷಿಸದೆ, ನಿಮಗೆ ಖಚಿತವಾಗಿ ಗೊತ್ತಿರುವುದನ್ನು ಒಂದೇ ವಾಕ್ಯದಲ್ಲಿ ಹೇಳಿ.

ಒಂದು ವಾಕ್ಯದಿಂದ ಏನಾದೀತು ಎಂದು ಅವರೂ ಕೇಳಿದರು, ಓದುಗರೂ ಕೇಳಬಹುದು. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ನಡೆಸಿದ ಪ್ರಯೋಗಗಳಲ್ಲಿ, ಗೆರೆಗಳ ಉದ್ದವನ್ನು ಹೋಲಿಸುವ ಸುಲಭ ಪ್ರಶ್ನೆಗೆ ಗುಂಪಿನವರೆಲ್ಲ ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ, ವಿಷಯ ತಿಳಿಯದ ವ್ಯಕ್ತಿಯೂ ಸುಮಾರು ಮೂರನೇ ಒಂದು ಪಾಲು ಸಲ ಗುಂಪಿನ ಉತ್ತರವನ್ನೇ ಹೇಳಿದ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಕೊಟ್ಟಾಗ ಹೀಗೆ ಮಣಿಯುವುದು ಮೊದಲಿದ್ದುದರ ಸುಮಾರು ಕಾಲು ಭಾಗಕ್ಕೆ ಇಳಿಯಿತು. ಆ ಒಬ್ಬನಿಗೆ ಅಧಿಕಾರವಿರಲಿಲ್ಲ, ವಾಕ್ಚಾತುರ್ಯ ಬೇಕಿರಲಿಲ್ಲ. ಕಂಡದ್ದನ್ನು ಕಂಡಂತೆ ಹೇಳಿದ, ಅಷ್ಟೇ. ಲೋಕವನ್ನು ಉತ್ತಮಗೊಳಿಸುವ ಪ್ರಭಾವವೆಂದರೆ ಮೊದಲಿಗೆ ಇದೇ ಎಂದು ನಾನು ದೃಢವಾಗಿ ನಂಬಿದ್ದೇನೆ. ಅದು ಎಲ್ಲೋ ಮುಂದೆ, ದೊಡ್ಡ ಸ್ಥಾನಕ್ಕೆ ಏರಿದ ಮೇಲೆ ಸಿಗುವಂಥದ್ದಲ್ಲ. ನಮ್ಮ ಮುಖ ನೋಡಿ ತಮ್ಮ ನಡೆಯನ್ನು ನಿರ್ಧರಿಸುವವರ ನಡುವೆ ಈಗಾಗಲೇ ಕೆಲಸ ಮಾಡುತ್ತಿರುತ್ತದೆ. ನಮ್ಮ ಮೌನದಿಂದಲೂ ಅದು ಕೆಲಸ ಮಾಡುತ್ತದೆ ಎಂಬುದನ್ನು ಈ ಪ್ರಕರಣ ನನಗೆ ಇನ್ನಷ್ಟು ಸ್ಪಷ್ಟಪಡಿಸಿತು.

ಮತ್ತೊಂದು ಅಧ್ಯಯನವನ್ನೂ ಅವರ ಮುಂದಿಟ್ಟೆ. 1973ರಲ್ಲಿ ಪ್ರಕಟವಾದ ಅದರಲ್ಲಿ ಮನಶ್ಶಾಸ್ತ್ರಜ್ಞರಾದ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್, ಧರ್ಮಶಾಸ್ತ್ರದ ವಿದ್ಯಾರ್ಥಿಗಳು ಭಾಷಣ ಮಾಡಲು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವಾಗ, ದಾರಿಯಲ್ಲಿ ನರಳುತ್ತ ಕುಸಿದು ಕುಳಿತ ವ್ಯಕ್ತಿಯೊಬ್ಬ ಎದುರಾಗುವಂತೆ ಏರ್ಪಡಿಸಿದ್ದರು. ಸಮಯವಿದ್ದವರಲ್ಲಿ ಶೇಕಡಾ 63ರಷ್ಟು ಮಂದಿ ನೆರವಾದರು. ತಡವಾಗಿದೆ ಎಂದು ಅವಸರಪಡಿಸಲಾದವರಲ್ಲಿ ಶೇಕಡಾ 10 ಮಾತ್ರ. ಅವರಲ್ಲಿ ಕೆಲವರು ಮಾತನಾಡಬೇಕಿದ್ದುದು ದಾರಿಯಲ್ಲಿ ಬಿದ್ದವನಿಗೆ ನೆರವಾದ ಅಪರಿಚಿತನ ದೃಷ್ಟಾಂತದ ಬಗ್ಗೆಯೇ ಆಗಿದ್ದರೂ ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ದೊಡ್ಡ ಉದ್ದೇಶದ ಕಡೆಗೆ ಧಾವಿಸುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ಕಳಕಳಿ.

ಇದು ಜನರನ್ನು ಇದ್ದಲ್ಲೇ ಕೂರಿಸುವ ಸಲಹೆ, ವ್ಯವಸ್ಥೆಯ ದೋಷವನ್ನು ವ್ಯಕ್ತಿಯ ತಲೆಗೆ ಕಟ್ಟುವ ಸಲಹೆ ಎಂಬುದು ಸಹೋದ್ಯೋಗಿಗಳ ಆಕ್ಷೇಪ. ಅದರಲ್ಲಿ ತೂಕವಿದೆ. ದುಡಿಮೆ ತಪ್ಪಿದರೆ ಬದುಕೇ ನಡೆಯದವರಿಗೆ, ಕಿರುಕುಳಕ್ಕೆ ತಾವೇ ಗುರಿಯಾದವರಿಗೆ ನಾನು ಹೀಗೆ ಹೇಳುವುದಿಲ್ಲ. ಅವರಿಗೆ ಮೊದಲು ರಕ್ಷಣೆ ಬೇಕು. ಆದರೆ ಈಕೆಗೆ ಸ್ಥಾನವಿತ್ತು, ಗೌರವವಿತ್ತು, ಬಿಟ್ಟುಹೋಗುವ ಅನುಕೂಲವೂ ಇತ್ತು. ಆ ಗೌರವವನ್ನು ಒಮ್ಮೆಯೂ ಬಳಸದೆ ಬೇರೆಡೆಗೆ ಹೊರಟಿದ್ದರೆ, ಅಲ್ಲಿಯೂ ಒಂದು ಸಭೆ ನಡೆಯುತ್ತದೆ, ಅಲ್ಲಿಯೂ ಒಬ್ಬ ಕಿರಿಯ ತಿರುಗಿ ನೋಡುತ್ತಾನೆ. ವ್ಯವಸ್ಥೆ ಬದಲಾಗಬೇಕೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಸುಳ್ಳು ವರದಿಯನ್ನು ಬಯಸುವ ವ್ಯವಸ್ಥೆ ಉಳಿದಿರುವುದು ಮೇಜಿನ ಸುತ್ತಲಿನ ಮೌನದ ಬಲದಿಂದಲೇ ಎಂದಷ್ಟೇ ಹೇಳುತ್ತಿದ್ದೇನೆ.

ಆಕೆ ಮೇಲಧಿಕಾರಿಗೆ ವಿಷಯ ತಿಳಿಸಿದರು. ಪ್ರತಿಕ್ರಿಯೆ ತಣ್ಣಗಿತ್ತು, ಕೆಲವು ಜವಾಬ್ದಾರಿಗಳು ಅವರ ಕೈತಪ್ಪಿದವು. ಹುಡುಗನ ಬಳಿ ಕ್ಷಮೆ ಕೇಳಿದರು. ಅವನು ಸಂತೋಷಪಟ್ಟನಾದರೂ ಕೆಲವು ತಿಂಗಳಲ್ಲಿ ಬೇರೆ ಕೆಲಸ ಹಿಡಿದು ಹೋದ. ಮುಂದಿನ ಒಂದು ಸಭೆಯಲ್ಲಿ ಇವರು ಮಾತಾಡಿದ ಮೇಲೆ ಇನ್ನಿಬ್ಬರು ತಮ್ಮ ತಂಡಗಳ ವಿಳಂಬವನ್ನು ತಾವಾಗಿಯೇ ಒಪ್ಪಿಕೊಂಡರು. ಆರು ತಿಂಗಳು ಮುಗಿದಾಗ ರಾಜೀನಾಮೆಯ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡೆವು. ಮಕ್ಕಳ ಶಿಕ್ಷಣದ ಕಡೆ ಹೋಗುವ ಮನಸ್ಸು ಈಗಲೂ ಇದೆ ಎಂದರು. ಆದರೆ ಈ ಸಲ ಯಾವ ಮಕ್ಕಳು, ಅವರಿಗೆ ಈಗ ಕಲಿಸುತ್ತಿರುವವರು ಯಾರು, ಅವರೊಡನೆ ಯಾವಾಗ ಮಾತನಾಡಬೇಕು ಎಂಬುದನ್ನು ಬರೆದುಕೊಂಡು ಬಂದಿದ್ದರು. ಈ ನಿರ್ಧಾರವನ್ನು ನಾನು ಬೆಂಬಲಿಸಿದ್ದೇನೆ.