ಗರ್ಭಕೋಶ ತೆಗೆದ ಮೇಲೂ ‘ವಿಎಐಎನ್-3’ ಬಂದದ್ದು ಹೇಗೆ?

ಗರ್ಭಕೋಶ ತೆಗೆಸಿ ಒಂಬತ್ತು ವರ್ಷವಾದ ನಿಮ್ಮ ತಾಯಿಯ ಯೋನಿಯ ಬಯಾಪ್ಸಿಯಲ್ಲಿ ‘ವಿಎಐಎನ್-3’ (ಯೋನಿಯ ಒಳಪದರದ ಕೋಶಗಳಲ್ಲಿ ಕ್ಯಾನ್ಸರಿಗೆ ಮುಂಚಿನ ತೀವ್ರ ಬದಲಾವಣೆ) ಎಂದು ಬರಲು ಬಹುಮಟ್ಟಿಗೆ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ) ವೈರಾಣುವೇ ಕಾರಣ. ಗರ್ಭಕಂಠ ಹೋದರೂ ಅದಕ್ಕೆ ಅಂಟಿಕೊಂಡಿದ್ದ ಯೋನಿಯ ಮೇಲ್ಭಾಗದಲ್ಲಿ ಅದು ಉಳಿದಿರಬಹುದು. ವೈರಾಣುವಿನ ಇ6, ಇ7 ಪ್ರೋಟೀನುಗಳು ಜೀವಕೋಶದ ಕಾವಲಿಗಿರುವ ಪಿ53 ಮತ್ತು ಆರ್‌ಬಿ ಎಂಬ ಪ್ರೋಟೀನುಗಳನ್ನು ಕಟ್ಟಿಹಾಕುತ್ತವೆ. ಕೆಟ್ಟ ಕೋಶ ಸಾಯದೆ ವರ್ಷಗಟ್ಟಲೆ ಬೆಳೆಯುತ್ತದೆ. ವಿಎಐಎನ್-3 ಎಂದರೆ ಬದಲಾವಣೆ ಇನ್ನೂ ತಳಪೊರೆ (ಒಳಪದರದ ಕೆಳಗಿನ ತೆಳು ಪೊರೆ) ದಾಟಿಲ್ಲ, ಇದು ಕ್ಯಾನ್ಸರ್ ಅಲ್ಲ. ಆದರೆ ತೆಗೆದಿರುವುದು ಸಣ್ಣ ಚೂರು. ಬೇರೆಡೆ ದಾಟಿದೆಯೇ ಎಂಬುದನ್ನು ಈ ಒಂದು ವರದಿಯಿಂದ ಹೇಳಲಾಗದು.

ಮೊದಲು ಹಳೆಯ ಶಸ್ತ್ರಚಿಕಿತ್ಸೆಯ ಬಯಾಪ್ಸಿ ವರದಿ ಹುಡುಕಿ. ಆಗ ಗರ್ಭಕಂಠದಲ್ಲೂ ಇಂಥದ್ದೇ ಇತ್ತೇ ಎಂಬುದು ಬಹಳ ಮುಖ್ಯ. ನಮ್ಮ ಅತ್ತೆಯದು ತುಮಕೂರಿನ ಮನೆಯ ಟ್ರಂಕಿನಲ್ಲಿ, ಪಹಣಿಗಳ ನಡುವೆ ಸಿಕ್ಕಿತು.

ನಂತರ ಈಗಿನ ಬಯಾಪ್ಸಿಯ ಗಾಜಿನ ಸ್ಲೈಡು, ಮೇಣದ ಬ್ಲಾಕ್ (ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟದ್ದು) ಕೇಳಿ ಪಡೆಯಿರಿ. ಜಿಲ್ಲಾ ಆಸ್ಪತ್ರೆಯ ಶಿಫಾರಸು ಪತ್ರ, ಪಡಿತರ ಚೀಟಿಯೊಂದಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಕಾಲ್ಪೊಸ್ಕೋಪಿ (ಯೋನಿಯ ಒಳಭಾಗವನ್ನು ದೊಡ್ಡದಾಗಿಸಿ ನೋಡುವ ಪರೀಕ್ಷೆ) ಮಾಡಿಸಿ. ಅಸಿಟಿಕ್ ಆಮ್ಲ ಹಚ್ಚಿದಾಗ ಕೆಟ್ಟ ಜಾಗ ಬೆಳ್ಳಗಾಗುತ್ತದೆ. ಅಯೋಡಿನ್ ಹಚ್ಚಿದಾಗ ಸುತ್ತಲೆಲ್ಲ ಕಂದಾಗಿ ಅದು ಮಾತ್ರ ಹಳದಿಯಾಗಿ ಉಳಿಯುತ್ತದೆ. ಗರ್ಭಕೋಶ ತೆಗೆದಾಗ ಯೋನಿಯ ಮೇಲ್ತುದಿಗೆ ಹಾಕಿದ ಹಳೆಯ ಹೊಲಿಗೆಯ ಎರಡೂ ಮೂಲೆಗಳನ್ನು ನೋಡಿದಿರಾ ಎಂದು ಸಂಕೋಚವಿಲ್ಲದೆ ಕೇಳಿ, ಆ ಮಡಿಕೆಗಳಲ್ಲಿ ಅದು ಅಡಗಿರಬಹುದು. ತೊಡೆಸಂದಿಯ ಗ್ರಂಥಿಗಳನ್ನೂ ಪರೀಕ್ಷಿಸಲಿ. ಯೋನಿಯ ಕೆಳಭಾಗದ ದುಗ್ಧರಸ (ಲಿಂಫ್) ಹರಿಯುವುದು ಅಲ್ಲಿಗೆ.

ಇದು ಅವರ ತಪ್ಪಲ್ಲ, ವೈರಾಣು ದಶಕಗಳ ಹಿಂದೆಯೇ ಬಂದಿರಬಹುದು ಎಂದು ತಾಯಿಗೆ ದಯವಿಟ್ಟು ತಿಳಿಸಿ. ರಕ್ತ ಅಥವಾ ದುರ್ವಾಸನೆಯ ಸ್ರಾವ ಇದ್ದರೆ ಈ ವಾರವೇ ಹೊರಡಿ.